ಅಬೂ ದರಗ್‌ನ ಬುಡದಲ್ಲಿ ಒಂದು ಗೋರಿ

ಹಸಬಲ್ಲಾ ಸತ್ತ ಸುದ್ದಿ ತಹಾನಿಗೆ ಮುಟ್ಟಿದ್ದು ಅವನ ಕಿರಿಯ ಮಗ ಶಾಜ್ಲಿಯ ಬಾಯಿಂದ. ಈಜಿಪ್ಟಿನ ಎಡ್ಫು ಊರಿನ ಪುರಾತತ್ವ ಕಚೇರಿಯ ಬಾಗಿಲು ಹಾಕುವ ಹೊತ್ತು. ಶಾಜ್ಲಿ ತನ್ನ ಮೈಕ್ರೋಬಸ್ಸನ್ನು ಕಚೇರಿಯ ಮೆಟ್ಟಿಲಿಗೇ ತಂದು ನಿಲ್ಲಿಸಿ ಒಳಗೆ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಅಪ್ಪ ಹೋಗ್ಬಿಟ್ರು ದಕ್ತೂರಾ. ಮಧ್ಯಾಹ್ನ ಉಂಡು ಮಲಗಿದವರು ಏಳಲೇ ಇಲ್ಲ."

"ಅವರಿಗೆ ಉಳಿದಿದ್ದ ಆಯುಷ್ಯ ನಿಮಗೆ ಬರಲಿ," ಎಂದಳು ತಹಾನಿ. ಇಂಥ ಹೊತ್ತಿನಲ್ಲಿ ಎಲ್ಲರೂ ಆಡುವ ಮಾತು ಅದೇ. ಅವಳು ಕಚೇರಿಗೆ ಸೇರಿದ ಮೊದಲ ವರ್ಷದಿಂದಲೂ ಹಸಬಲ್ಲಾ ಅವಳ ತಾಣದ ಕಾವಲುಗಾರ. ಅವಳ ತಲೆಗೂದಲು ಕಪ್ಪಿದ್ದದ್ದನ್ನು ನೋಡಿದ್ದವನು.

ಶಾಜ್ಲಿ ಬಂದ ಕೆಲಸ ಸುದ್ದಿ ಹೇಳುವುದೊಂದೇ ಆಗಿರಲಿಲ್ಲ. ಕೈಲಿದ್ದ ಬೀಗದ ಕೈಯನ್ನು ತಿರುವುತ್ತ ನಿಂತ.

"ಅಪ್ಪಂದು ಒಂದು ಆಸೆ ಇತ್ತು. ಅಬೂ ದರಗ್ ಪಕ್ಕದಲ್ಲೇ ಮಣ್ಣು ಮಾಡ್ಬೇಕು ಅಂತ."

"ಅದು ಆಗೋದಿಲ್ಲ ಶಾಜ್ಲಿ."

"ದೂರದಲ್ಲೇ ಮಾಡ್ತೀವಿ. ಕಲ್ಲು ಮುಟ್ಟಲ್ಲ."

"ಅಲ್ಲಿ ಒಂದು ಗೂಟ ನೆಡೋದಕ್ಕೂ ನಾನು ಕೈರೋಗೆ ಬರೀಬೇಕು. ಗೋರಿ ಅಂದ್ರೆ ಏನು ಹೇಳ್ಲಿ? ನಿಮ್ಮ ಊರಿನ ಖಬರಸ್ತಾನ ಇದೆಯಲ್ಲ, ನಿಮ್ಮ ಅಜ್ಜ ಅಜ್ಜಿ ಎಲ್ಲ ಅಲ್ಲೇ ಇದ್ದಾರಲ್ಲ."

ಶಾಜ್ಲಿ ತಲೆಯಾಡಿಸಿದ. ಅದು ಒಪ್ಪಿಗೆಯೋ, ಬರೀ ಕೇಳಿಸಿತು ಎಂಬುದರ ಗುರುತೋ, ತಹಾನಿ ಆಗ ಯೋಚಿಸಲಿಲ್ಲ. ನಾಳೆ ಬೆಳಿಗ್ಗೆ ಮಣ್ಣು ಮಾಡುವಾಗ ಜನಾಜಾಕ್ಕೆ ಬರುತ್ತೇನೆ ಎಂದು ಹೇಳಿ ಕಳಿಸಿದಳು.

ಅಬೂ ದರಗ್ ಎಂದರೆ ಮೆಟ್ಟಿಲುಗಳ ಅಪ್ಪ. ನಗಾ ಬಷೀರ್ ಎಂಬ ಆ ಹಳ್ಳಿಯ ಕಬ್ಬಿನ ಗದ್ದೆಗಳು ಮುಗಿದು ಮರಳು ಶುರುವಾಗುವ ಗಡಿಯಲ್ಲಿ ಅದು ನಿಂತಿತ್ತು. ಪಿರಮಿಡ್ಡು ಎಂದು ಕೇಳಿ ಬಂದವರು ಅದನ್ನು ನೋಡಿ, ಇನ್ನೂ ಮುಂದೆ ಹೋಗಬೇಕೇನೋ ಎಂದು ದಾಟಿ ಹೋಗುತ್ತಿದ್ದರು. ಎರಡಂತಸ್ತಿನ ಮನೆಯಷ್ಟು ಎತ್ತರ. ಮೂರು ಮೆಟ್ಟಿಲು, ಅದರಲ್ಲಿ ಮೇಲಿನದು ಅರ್ಧ ಉದುರಿದೆ. ನೈಲ್ ನದಿಯ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಇಂಥವು ಇನ್ನೂ ಇವೆ. ಎಲ್ಲ ಒಂದೇ ಅಳತೆ, ಒಂದೇ ಕೈ. ಗಿಜಾದ ದೊಡ್ಡವುಗಳ ಬಗ್ಗೆ ಎಷ್ಟೇ ಕಥೆ ಹುಟ್ಟಿದರೂ ಅವು ರಾಜರ ಗೋರಿಗಳು ಎನ್ನುವುದರಲ್ಲಿ ತಹಾನಿಯಂಥವರಿಗೆ ಸಂಶಯವಿರಲಿಲ್ಲ. ತೊಡಕು ಇರುವುದು ಈ ಚಿಕ್ಕವುಗಳಲ್ಲಿ. ಇವುಗಳ ಒಳಗೆ ಕೋಣೆಯಿಲ್ಲ, ಕೆಳಗೆ ಸುರಂಗವಿಲ್ಲ. ಗಟ್ಟಿ ಕಲ್ಲಿನ ಮೇಲೆ ಗಟ್ಟಿ ಕಲ್ಲು. ಯಾರನ್ನೂ ಹೂಳದ ಗೋರಿಯನ್ನು ಯಾಕೆ ಕಟ್ಟಿದರು? ರಾಜನ ಹೆಸರು ಜನರ ಕಣ್ಣಮುಂದೆ ಇರಲಿ ಎಂದೆ? ತೆರಿಗೆಯ ಧಾನ್ಯ ತಂದು ಸುರಿಯುವ ಜಾಗ ಇದು ಎಂಬ ಗುರುತಿಗೆ? ಪೂಜೆಗೆ? ಒಬ್ಬೊಬ್ಬ ಪಂಡಿತನದು ಒಂದೊಂದು ಊಹೆ.

ಹಸಬಲ್ಲಾನ ಬಳಿ ಊಹೆಗಳಿಗೆ ಬರವಿರಲಿಲ್ಲ. ಕೈರೋದ ವಿದ್ಯಾರ್ಥಿಗಳು ಬಂದರೆ ಪ್ರವಾದಿ ಯೂಸುಫರು ಬರಗಾಲಕ್ಕೆ ಧಾನ್ಯ ತುಂಬಿಸಿಟ್ಟ ಕಣಜ ಎನ್ನುತ್ತಿದ್ದ. ಜರ್ಮನರು ಬಂದರೆ ನಕ್ಷತ್ರ ನೋಡುವ ಕಟ್ಟೆ. ಮಕ್ಕಳಾಗದ ಹೆಂಗಸರು ಬಂದರೆ ಏಳು ಸುತ್ತು ಸುತ್ತಿಸಿ, ಬರಕತ್ತಿನ ಜಾಗ ತಾಯಿ ಎನ್ನುತ್ತಿದ್ದ. ಪೊಲೀಸ್ ಅಧಿಕಾರಿಗಳು ಬಂದರೆ ಮಾತ್ರ, ಒಳಗೆ ಏನೂ ಇಲ್ಲ ಸ್ವಾಮಿ, ಬರೀ ಕಲ್ಲು. ಹೊಸಬರು ಬರುವುದು ಕಂಡರೆ ತಹಾನಿಯ ಕಡೆ ತಿರುಗಿ, "ಇವತ್ತು ಏನು ಹೇಳ್ಲಿ ದಕ್ತೂರಾ?" ಎಂದು ಕಣ್ಣು ಮಿಟುಕಿಸುತ್ತಿದ್ದ. ಅವಳಿಗೆ ಡಾಕ್ಟರೇಟ್ ಇರಲಿಲ್ಲ. ದಕ್ತೂರಾ ಎಂಬುದು ಆ ಹಳ್ಳಿಯವರೇ ದಯಪಾಲಿಸಿದ ಪದವಿ.

ಯಾಕೆ ಕಟ್ಟಿದರು ಎಂಬ ಪ್ರಶ್ನೆಯನ್ನು ತಹಾನಿ ಬಹಳ ಹಿಂದೆಯೇ ಬದಿಗಿಟ್ಟಿದ್ದಳು. ಯಾವಾಗ ಕಟ್ಟಿದರು ಎಂಬುದಾದರೂ ತಿಳಿಯಲಿ ಎಂಬುದು ಅವಳ ಹಟ. ಕಲ್ಲುಗಳ ನಡುವೆ ಮೆತ್ತಿದ್ದ ಮಣ್ಣುಗಾರೆಯಲ್ಲಿ ಇದ್ದಿಲ ಚೂರುಗಳಿದ್ದವು. ಅವನ್ನು ಆರಿಸಿ ಕೈರೋದ ಪ್ರಯೋಗಾಲಯಕ್ಕೆ ಕಳಿಸಿದ್ದಳು. ಅಲ್ಲಿಂದ ಬಂದ ವಯಸ್ಸು ಎಲ್ಲರೂ ಒಪ್ಪಿದ ಲೆಕ್ಕಕ್ಕಿಂತ ಇನ್ನೂರು ವರ್ಷ ಹಿಂದಕ್ಕೆ ಹೋಗಿತ್ತು. ಕಾರಣ ಅವಳಿಗೆ ಗೊತ್ತಿತ್ತು. ಇದ್ದಿಲು ಹೇಳುವುದು ಮರ ಬದುಕಿದ್ದ ಕಾಲವನ್ನು, ಸುಟ್ಟ ಕಾಲವನ್ನಲ್ಲ. ಮರಳುಗಾಡಿನ ಅಂಚಿನಲ್ಲಿ ಸೌದೆ ಎಂದರೆ ಬಂಗಾರ. ಮುತ್ತಜ್ಜ ಮಾಡಿಸಿದ ಬಾಗಿಲು ಮುರಿದರೆ ಮರಿಮಗ ಅದನ್ನು ಒಲೆಗೆ ಹಾಕುತ್ತಾನೆ. ಬೇಕಿರುವುದು ಒಂದೇ ವರ್ಷ ಬದುಕಿದ ವಸ್ತು. ಒಂದು ಹುಲ್ಲುಕಡ್ಡಿ, ಒಂದು ಕಾಳು. ಅದು ಸಿಗುವ ಮೊದಲೇ ಯಾವುದೋ ದೇಶದ ಮಹಾಶಯನೊಬ್ಬ ಅವಳ ಇದ್ದಿಲಿನ ಲೆಕ್ಕವನ್ನು ಹಿಡಿದುಕೊಂಡು, ಪಿರಮಿಡ್ಡುಗಳು ಜಲಪ್ರಳಯಕ್ಕಿಂತ ಹಿಂದಿನವು, ಇಲಾಖೆಯವರೇ ಒಪ್ಪಿದ್ದಾರೆ ಎಂದು ವಿಡಿಯೊ ಮಾಡಿ ಹಾಕಿದ್ದ. ಅದನ್ನು ನೋಡಿದವರು ಲಕ್ಷಗಟ್ಟಲೆ. ಅವಳ ವರದಿಯನ್ನು ಓದಿದವರನ್ನು ಒಂದು ಮೈಕ್ರೋಬಸ್ಸಿನಲ್ಲಿ ಕೂರಿಸಬಹುದಿತ್ತು.

ಮಾರನೆಯ ಬೆಳಿಗ್ಗೆ ತಹಾನಿ ಕಪ್ಪು ಬಟ್ಟೆ ಉಟ್ಟು ನಗಾ ಬಷೀರ್‌ಗೆ ಹೋದಳು. ಖಬರಸ್ತಾನದಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಹೊಸ ಮಣ್ಣೂ ಇರಲಿಲ್ಲ. ಅವಳಿಗೆ ಆಗಲೇ ಅರ್ಥವಾಯಿತು. ಜೀಪನ್ನು ತಿರುಗಿಸಿ ಅಬೂ ದರಗ್ ಕಡೆ ಹೋದಳು.

ಬೆಳಗಿನ ನಮಾಜು ಮುಗಿದ ಕೂಡಲೇ ಹೂತಿದ್ದರು. ಪಿರಮಿಡ್ಡಿನ ಉತ್ತರದ ಮಗ್ಗುಲಲ್ಲಿ, ಅದರ ನೆರಳು ಬೀಳುವಷ್ಟು ಹತ್ತಿರ, ಮಣ್ಣಿನ ಉದ್ದನೆಯ ದಿಂಡು. ತಲೆಯ ಕಡೆ ಒಂದು ಕಲ್ಲು, ನೀರು ಚಿಮುಕಿಸಿದ ಗುರುತು. ಆದರೆ ಅವಳ ಕಣ್ಣು ನಿಂತದ್ದು ಮಣ್ಣಿನ ಬಣ್ಣದ ಮೇಲೆ. ಹಳದಿ ಮರಳಿನ ನಡುವೆ ಕರಿ ಬೂದಿ. ಮಂಡಿಯೂರಿ ಕೈಹಾಕಿದಳು. ಬೂದಿಯ ಜೊತೆಗೆ ದಪ್ಪನೆಯ, ಒರಟಾದ, ಕೆಂಪು ಮಡಕೆಚೂರುಗಳು ಬಂದವು. ರೊಟ್ಟಿ ಸುಡುವ ಅಚ್ಚುಗಳ ಚೂರು. ಪಿರಮಿಡ್ಡು ಕಟ್ಟಿದ ಕಾಲದವು ಎಂದು ಮುಟ್ಟಿದರೆ ಗೊತ್ತಾಗುವಂಥವು. ಅಂಗೈಯಲ್ಲಿ ಬೂದಿ ಉಜ್ಜಿ ಊದಿದಾಗ ಉಳಿದದ್ದು ಸುಟ್ಟು ಕರಿದಾದ ಎರಡು ಜವೆಕಾಳು.

ಮೊದಲು ಬಂದದ್ದು ದುಃಖವಲ್ಲ, ಸಿಟ್ಟೂ ಅಲ್ಲ, ಸಂತೋಷ. ಎಷ್ಟು ಸಂತೋಷವೆಂದರೆ ಅವಳು ಎದ್ದು ನಿಂತು ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದಳು. ಇಷ್ಟು ವರ್ಷ ಅವಳು ಮೂರು ಕಡೆ ಅಗೆಸಿದ್ದಳು, ಉತ್ತರಕ್ಕೆ ಮಾತ್ರ ಅಗೆಸಿರಲಿಲ್ಲ. ಅಲ್ಲಿ ಹಸಬಲ್ಲಾನ ಗುಡಿಸಲಿತ್ತು. ಅದನ್ನು ಕಿತ್ತದ್ದು ಹೋದ ಚಳಿಗಾಲದಲ್ಲಷ್ಟೇ.

ಸಂತೋಷದ ಬೆನ್ನಿಗೇ ಲೆಕ್ಕಾಚಾರ ಬಂತು. ಕೈಯಲ್ಲಿದ್ದ ಕಾಳು ಯಾತಕ್ಕೂ ಬರುವಂತಿರಲಿಲ್ಲ. ಸಲಿಕೆಯಿಂದ ಮೇಲೆ ಕೆಳಗೆ ಕಲಸಿಹೋದ ಮಣ್ಣು. ಈ ಕಾಳು ಪಿರಮಿಡ್ಡಿಗಿಂತ ಹಳೆಯದೋ ಹೊಸದೋ ಎಂದು ಕೇಳಿದರೆ ಉತ್ತರವಿಲ್ಲ. ಉತ್ತರ ಇರುವುದು ಗುಂಡಿಯ ಗೋಡೆಯಲ್ಲಿ. ಅಲ್ಲಿ ಪದರದ ಮೇಲೆ ಪದರ ಇದ್ದ ಹಾಗೇ ಇರುತ್ತದೆ. ಬೂದಿಯ ಮೇಲೆ ಕಲ್ಲುಕುಟಿಗರ ಚಕ್ಕೆಗಳು ಬಿದ್ದಿವೆಯೋ, ಚಕ್ಕೆಗಳ ಮೇಲೆ ಬೂದಿ ಬಿದ್ದಿದೆಯೋ ಕಾಣುತ್ತದೆ. ಪಕ್ಕದಲ್ಲೇ ಇನ್ನೊಂದು ಗುಂಡಿ ತೆಗೆಯಬಹುದಿತ್ತು. ಆದರೆ ಒಂದು ಕಡೆ ಗುಡಿಸಲಿನ ಹಳೆಯ ಪಾಯಿಖಾನೆಯ ಹೊಂಡ, ಇನ್ನೊಂದು ಕಡೆ ಬರೀ ಬಂಡೆ. ಬೂದಿಯ ಪಟ್ಟಿ ಹಾದುಹೋಗುವುದು ಗೋರಿಯ ಅಡಿಯಲ್ಲೇ. ಆ ಗುಂಡಿಯಲ್ಲಿ ಹಸಬಲ್ಲಾ ಮಲಗಿದ್ದ.

ಅಲ್ಲಿಂದ ಅವಳು ಸತ್ತವರ ಮನೆಗೆ ಹೋದಳು. ಗಂಡಸರು ಹೊರಗಿನ ಪಡಸಾಲೆಯಲ್ಲಿ ಬೆಂಚುಗಳ ಮೇಲೆ ಸಾಲಾಗಿ ಕೂತು ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತಿದ್ದರು. ಬಾಗಿಲಲ್ಲಿ ಅವಳು ನಿಂತದ್ದು ಕಂಡು ಹಿರಿಯ ಮಗ ರಾದಿ ಎದ್ದು ಬಂದ. ಕಬ್ಬಿನ ಟ್ರ್ಯಾಕ್ಟರು ಹೊಡೆಯುವವನು, ಅಪ್ಪನ ಹಾಗೆಯೇ ಅಗಲ ಭುಜ, ಆದರೆ ಅಪ್ಪನ ನಗು ಇರಲಿಲ್ಲ.

"ನಿಮ್ಮ ಅಪ್ಪ ನನಗೂ ಅಪ್ಪನ ಥರ ಇದ್ರು ರಾದಿ," ಎಂದಳು. "ಆದ್ರೆ ಯಾರ ಅಪ್ಪಣೆ ತಗೊಂಡು ಅಲ್ಲಿ ಅಗೆದ್ರಿ?"

"ಸತ್ತವರ ಅಪ್ಪಣೆ ತಗೊಂಡು."

"ಅದು ಸರ್ಕಾರದ ನೆಲ."

"ಅಪ್ಪನೂ ಸರ್ಕಾರದವರೇ ಅಲ್ವಾ? ಜೀವ ಇರೋ ತನಕ ಅಲ್ಲಿ ಕೂರಿಸಿದ್ರಿ. ಬಿಸಿಲಲ್ಲಿ, ಮರಳುಗಾಳೀಲಿ. ಜೀವ ಹೋದ್ಮೇಲೆ ಒಂದು ಮೂಲೇಲಿ ಮಲಗಿಸ್ಬಾರ್ದಾ?"

"ನಾನು ಬೇಡ ಅಂತ ಶಾಜ್ಲಿಗೆ ಹೇಳಿದ್ದೆ."

"ಹೇಳಿದ್ರಿ. ಅವನು ನನಗೂ ಹೇಳ್ದ. ನಾನು ಕೇಳ್ಲಿಲ್ಲ." ರಾದಿ ದನಿ ಏರಿಸಿದ, ಒಳಗಿನವರಿಗೆ ಕೇಳಲಿ ಎಂದೇ. "ಅಲ್ಲ ದಕ್ತೂರಾ, ಒಂದು ಮಾತು ಹೇಳಿ. ನೀವೇ ತಾನೇ ಹೇಳ್ತಿದ್ದಿದ್ದು, ಅಬೂ ದರಗ್ ಒಳಗೆ ಯಾರೂ ಇಲ್ಲ, ಅದು ಯಾರ ಗೋರಿನೂ ಅಲ್ಲ ಅಂತ? ಅಷ್ಟು ದೊಡ್ಡ ಗೋರಿಕಲ್ಲು, ಅಡೀಲಿ ಹೆಣ ಇಲ್ಲ. ನಾವು ಒಂದು ಕೊಟ್ಟಿದ್ದೀವಿ. ಈಗ ಸರಿಹೋಯ್ತಲ್ಲ."

ಪಡಸಾಲೆಯಲ್ಲಿ ಯಾರೋ ನಗು ತಡೆದುಕೊಳ್ಳಲು ಕೆಮ್ಮಿದರು. ತಹಾನಿ ಜಗಳಕ್ಕೆ ನಿಲ್ಲಲಿಲ್ಲ. ಸಾವಿನ ಮನೆಯಲ್ಲಿ ಮಾತಿಗೆ ಮಾತು ಬೆಳೆಸಿ ಗೆದ್ದವರನ್ನು ಅವಳು ನೋಡಿರಲಿಲ್ಲ.

ಕಚೇರಿಗೆ ಬಂದು ಮೇಲಧಿಕಾರಿಗೆ ಫೋನು ಮಾಡಿದಳು. ಎಲ್ಲ ಕೇಳಿ ಆತ ಹೇಳಿದ್ದು ಸರಳವಾಗಿತ್ತು. "ಪೊಲೀಸಿಗೆ ಬರೆದು ಕೊಡು. ನಾಳೆ ಬಂದು ಎತ್ತಿಸ್ತಾರೆ."

"ಪೊಲೀಸರು ಸಲಿಕೆ ಹಿಡಿದು ಇಳಿದ್ರೆ ಗೋಡೆ ಉಳಿಯೋದಿಲ್ಲ ಸರ್."

"ಯಾವ ಗೋಡೆ?"

"ಗುಂಡಿಯ ಗೋಡೆ. ಅದರಲ್ಲಿ ಬೂದಿ ಪದರ ಇದೆ."

"ತಹಾನಿ, ನಿನಗೆ ಈಗ ಬೇಕಿರೋದು ಹೆಣ ಎತ್ತೋದಾ, ಬೂದಿ ಎತ್ತೋದಾ?"

ಅವಳು ಉಗುರಿನ ಸಂದಿಯಲ್ಲಿ ಉಳಿದಿದ್ದ ಬೂದಿಯನ್ನು ನೋಡಿದಳು.

"ಒಂದು ವಾರ ಸುಮ್ಮನಿರ್ತೀನಿ," ಎಂದ ಆತ. "ಅಷ್ಟರಲ್ಲಿ ಅವರಾಗೇ ತೆಗೆದ್ರೆ ಒಳ್ಳೇದು. ಇಲ್ದಿದ್ರೆ ನಾನೇ ಬರೆದು ಕೊಡ್ತೀನಿ."

ಅವನ ಪ್ರಶ್ನೆ ಮಾತ್ರ ಅವಳ ಜೊತೆ ಮನೆಗೆ ಬಂತು. ಕಾನೂನು ಅವಳ ಕಡೆ ಇತ್ತು. ಅದೇ ಅವಳಿಗೆ ಇರುಸುಮುರುಸು. ಕಾನೂನು ಬೇಡ ಎಂದು ಹೇಳಿದ್ದರೂ ಆ ಗುಂಡಿ ತೆರೆಯಬೇಕು ಎಂದು ಅವಳಿಗೆ ಅನ್ನಿಸುತ್ತಿತ್ತು. ಬೂದಿ ಕಾಣದೆ ಹೋಗಿದ್ದರೆ, ಯಾರಿಗೂ ಹೇಳದೆ ಹಸಬಲ್ಲಾನನ್ನು ಅಲ್ಲೇ ಬಿಟ್ಟುಬಿಡುತ್ತಿದ್ದೆನೇನೋ ಎಂದೂ ಅನ್ನಿಸಿತು. ಎರಡೂ ನಿಜವಿತ್ತು.

ಹಳ್ಳಿಯ ಮಸೀದಿಯ ಶೇಖ್ ಮಬ್ರೂಕ್‌ರನ್ನು ಹೋಗಿ ಕಂಡಳು. ಹೂತವರನ್ನು ಎತ್ತುವುದು ಸರಿಯೇ ಎಂದು ಕೇಳಿದಳು. ಅವರು ಗಡ್ಡ ನೀವಿಕೊಂಡು, "ಸುಮ್ಸುಮ್ನೆ ಎತ್ತೋದು ತಪ್ಪು. ಆದ್ರೆ ಇನ್ನೊಬ್ಬರ ನೆಲದಲ್ಲಿ ಕೇಳದೆ ಹೂತಿದ್ರೆ, ಆ ನೆಲದವರು ಒಪ್ಪದೆ ಇದ್ರೆ ಎತ್ಬಹುದು ಅಂತ ಹಿರಿಯರು ಹೇಳಿದ್ದಾರೆ," ಎಂದರು. ಆಮೇಲೆ ದನಿ ತಗ್ಗಿಸಿ, "ಆದ್ರೆ ರಾದಿಗೆ ಇದನ್ನ ನಾನು ಹೇಳಲ್ಲ ತಾಯಿ. ಅವನ ಟ್ರ್ಯಾಕ್ಟರ್ ನಮ್ಮ ಮನೆ ಮುಂದೇನೇ ಹಾಯೋದು."

ದುಃಖದ ಮೊದಲ ದಿನಗಳು ಕಳೆದ ಮೇಲೆ ತಹಾನಿ ಹಸಬಲ್ಲಾನ ಹೆಂಡತಿ ಫಹೀಮಾಳನ್ನು ನೋಡಲು ಹೋದಳು. ಗಂಡಸರೆಲ್ಲ ಗದ್ದೆಗೆ ಹೋಗಿದ್ದರು. ಕಬ್ಬು ಕಡಿಯುವ ಕಾಲ. ಸತ್ತವರಿಗಾಗಿ ಸಕ್ಕರೆ ಕಾರ್ಖಾನೆಯ ರೈಲು ಕಾಯುವುದಿಲ್ಲ. ಫಹೀಮಾ ಹಿತ್ತಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಎದುರಿಗೆ ಪಕ್ಕದ ಮನೆಯ ಹೆಂಗಸು ಇವರಿಗಾಗಿ ನಾದಿಕೊಟ್ಟ ಹಿಟ್ಟಿನ ಉಂಡೆಗಳು ಮಣ್ಣಿನ ತಟ್ಟೆಗಳ ಮೇಲೆ ಬಿಸಿಲಿಗೆ ಉಬ್ಬುತ್ತಿದ್ದವು. ಕೋಳಿ ಬಾರದಂತೆ ಅವಳ ಕೈಯಲ್ಲೊಂದು ಜೋಳದ ದಂಟು.

"ಬಾ ಮಗಳೇ, ಕೂತ್ಕೋ. ನೀನು ಬರ್ತೀಯ ಅಂತ ಗೊತ್ತಿತ್ತು. ರಾದಿ ಹೇಳ್ದ, ಬಂದ್ರೆ ಒಳಗೆ ಬಿಡ್ಬೇಡ ಅಂತ. ನಾನು ಹೇಳ್ದೆ, ಇದು ನನ್ನ ಹಿತ್ಲು, ನನ್ನ ಕೋಳಿ, ಯಾರನ್ನ ಓಡಿಸ್ಬೇಕು ಅಂತ ನನಗೆ ಗೊತ್ತು."

ತಹಾನಿ ಚಾಪೆಯ ಮೇಲೆ ಕೂತಳು.

"ಖಾಲಾ, ಹಾಜ್ ಹಸಬಲ್ಲಾ ಅವರನ್ನ ಅಲ್ಲಿ ಇರೋಕೆ ಬಿಡಲ್ಲ. ನಾನು ಸುಮ್ನಿದ್ರೂ ಮೇಲಿನವರು ಬಿಡಲ್ಲ. ಪೊಲೀಸರು ಬರ್ತಾರೆ. ಅದಕ್ಕಿಂತ ಮೊದಲು ನೀವೇ..."

"ಪೊಲೀಸರು ಬರ್ತಾರೆ ಅಂತ ಹೆದರಿಸೋಕೆ ಬಂದೆಯಾ?"

"ಅಲ್ಲ. ಇನ್ನೊಂದು ಇದೆ. ಅದನ್ನ ಹೇಳದೆ ಹೋದ್ರೆ ನಿಮಗೆ ಮೋಸ ಮಾಡಿದ ಹಾಗೆ. ಆ ಗುಂಡೀಲಿ ನನಗೆ ಬೇಕಾದ್ದು ಇದೆ."

ಫಹೀಮಾ ದಂಟು ಕೆಳಗಿಟ್ಟಳು. "ಚಿನ್ನವಾ?"

"ಸುಟ್ಟ ಜವೆಕಾಳು."

ಮುದುಕಿ ಅವಳ ಮುಖವನ್ನೇ ನೋಡಿದಳು; ತಮಾಷೆಯೋ ಅಲ್ಲವೋ ಎಂದು ಅಳೆಯುವಂತೆ. ತಹಾನಿ ವಿವರಿಸಿದಳು. ಕಲ್ಲಿಗೆ ವಯಸ್ಸು ಹೇಳಲು ಬರುವುದಿಲ್ಲ, ಸೌದೆ ಸುಳ್ಳು ಹೇಳುತ್ತದೆ, ಕಾಳು ಮಾತ್ರ ತಾನು ಬೆಳೆದ ವರ್ಷದ ಸುತ್ತಮುತ್ತ ನಿಲ್ಲುತ್ತದೆ. ಅಬೂ ದರಗ್ ಕಟ್ಟಿದವರು ರೊಟ್ಟಿ ಸುಟ್ಟ ಒಲೆಯ ಮೇಲೆ ನಿಮ್ಮ ಗಂಡನ ಗೋರಿ ಬಿದ್ದಿದೆ. ಫಹೀಮಾ ಎಲ್ಲವನ್ನೂ ಕೇಳಿದಳು, ನಡುವೆ ಒಮ್ಮೆ ಕೋಳಿ ಓಡಿಸಿದಳು.

"ಅಂದ್ರೆ ನಿನಗೂ ಅದೇ ಹುಚ್ಚು," ಎಂದಳು ಕೊನೆಗೆ. "ನನ್ನ ಗಂಡನಿಗಿತ್ತಲ್ಲ, ಅದೇ. ನಿಮಗೆ ನನ್ನ ಜೊತೆ ಮದುವೆ ಆಗಿದೆಯಾ, ಆ ಕಲ್ಲಿನ ಜೊತೆ ಆಗಿದೆಯಾ ಅಂತ ಅವರನ್ನ ಎಷ್ಟು ಸಲ ಕೇಳಿದ್ದೀನೋ. ಹಬ್ಬದ ದಿನ ಅಲ್ಲೇ. ಮಗಳ ಮದುವೆ ದಿನ ನಿಕಾಹ್ ಮುಗಿದ ಕೂಡ್ಲೆ ಅಲ್ಲೇ. ಯಾರು ಎತ್ಕೊಂಡು ಹೋಗ್ತಾರೆ ಆ ಕಲ್ಲನ್ನ, ಹೇಳು? ನನಗೆ ಎರಡನೆ ಕೂಸು ಹುಟ್ಟಿ ಸತ್ತಾಗ್ಲೂ ಅಲ್ಲೇ ಇದ್ರು. ಕರ್ಕೊಂಡು ಬರೋಕೆ ಜನ ಕಳಿಸ್ಬೇಕಾಯ್ತು."

ಫಹೀಮಾ ಬಿಸಿಲಿಗಿಟ್ಟ ತಟ್ಟೆಯೊಂದನ್ನು ನೇರ ಮಾಡಿದಳು.

"ಆ ಕೂಸು ಖಬರಸ್ತಾನದಲ್ಲಿದೆ. ನನ್ನ ಅತ್ತೆ ಅಲ್ಲಿದ್ದಾರೆ. ನಾಳೆ ನನ್ನನ್ನೂ ಅಲ್ಲೇ ಇಡ್ತಾರೆ. ನನ್ನನ್ನ ಅಬೂ ದರಗ್ ಹತ್ರ ಇಡೋಕೆ ರಾದಿ ಹೋಗ್ತಾನಾ? ಹೋಗಲ್ಲ. ನಾನು ಬೇಡ ಅಂತೀನಿ, ಆ ಮಾತು ಬೇರೆ. ಇಡೀ ಆಯುಷ್ಯ ಆ ಕಡೆ ಕೂತವರು ಸತ್ತ ಮೇಲೂ ಆ ಕಡೆನೇ ಮಲಗ್ತೀನಿ ಅಂದ್ರೆ, ನನ್ನ ಪಕ್ಕ ಯಾರು?" ಅವಳ ದನಿ ಒಡೆಯಲಿಲ್ಲ, ಗಟ್ಟಿಯಾಯಿತು. "ಎತ್ತಿಸು. ನಿನ್ನ ಕಾಳು ನೀನು ತಗೋ, ನನ್ನ ಮುದುಕನ್ನ ನನಗೆ ಕೊಡು."

"ಅದು ಅವರ ಕೊನೇ ಆಸೆ ಆಗಿತ್ತಲ್ಲ, ಖಾಲಾ."

"ಆಸೆ! ನನ್ನ ಆಸೆನ ಯಾರಾದ್ರೂ ಕೇಳಿದ್ರಾ?"

ಸಂಜೆ ರಾದಿ ಬಂದಾಗ ಫಹೀಮಾ ವಿಷಯ ಹೇಳಿದಳು. ಆ ಜಗಳ ಬೀದಿಯ ತುದಿಯವರೆಗೂ ಕೇಳಿತಂತೆ. ತಹಾನಿಗೆ ಅದನ್ನು ಆಮೇಲೆ ವರದಿ ಮಾಡಿದವನು ಶಾಜ್ಲಿ. ಅಪ್ಪನ ಮಾತಿಗೆ ಬೆಲೆಯಿಲ್ಲವೇ ಎಂದು ರಾದಿ ಕೂಗಿದನಂತೆ. ಅವರ ಹೆಂಡತಿ ನಾನು, ನಿನ್ನನ್ನು ಹೆತ್ತವಳೂ ನಾನು, ಇಬ್ಬರ ಮೇಲೂ ನನಗೆ ಹಕ್ಕಿದೆ ಎಂದಳಂತೆ ಫಹೀಮಾ. "ಸರ್ಕಾರದವಳ ಮಾತು ಕೇಳಿ ಗಂಡನ ಗೋರಿ ಅಗೆಸಿದವಳು ಅಂತ ಊರು ಆಡ್ಕೊಳ್ಳುತ್ತೆ," ಎಂದದ್ದಕ್ಕೆ, "ಆಡ್ಕೊಳ್ಳಲಿ, ಊರಿಗೆ ಬೇರೆ ಕೆಲಸ ಏನಿದೆ," ಎಂದಳಂತೆ. ರಾದಿ ಹಾಸಿಗೆ ಎತ್ತಿಕೊಂಡು ಮಾವನ ಮನೆಗೆ ಹೋದ.

ಕೆಲಸ ನಡೆದದ್ದು ಶುಕ್ರವಾರ ಬೆಳಿಗ್ಗೆ, ಬಿಸಿಲು ಏರಿದ ಮೇಲೆ. ಶಾಜ್ಲಿ ಮತ್ತು ನಾಲ್ಕಾರು ಜನ ನೆಂಟರು ಸುತ್ತ ಕಂಬಳಿಗಳನ್ನು ಹಿಡಿದು ಮರೆ ಕಟ್ಟಿದರು. ಶೇಖ್ ಮಬ್ರೂಕ್ ಮೆಲುದನಿಯಲ್ಲಿ ಓದುತ್ತಿದ್ದರು. ತಹಾನಿ ದೂರ ನಿಂತಿದ್ದಳು. ಗೋಡೆಗೆ ಸಲಿಕೆ ತಾಗಿಸಬೇಡಿ, ಹಳೆಯ ಗುಂಡಿಯಷ್ಟನ್ನೇ ಬಿಡಿಸಿ ಎಂದು ಒಂದು ಸಲ ಹೇಳಿದ್ದಳು, ಎರಡನೆಯ ಸಲ ಹೇಳಲು ನಾಚಿಕೆಯಾಗಿತ್ತು. ಸಲಿಕೆಯ ಸದ್ದು ನಿಂತು ಕೈಯಿಂದ ಮಣ್ಣು ಸರಿಸುವ ಸದ್ದು ಬಂತು. ಆಮೇಲೆ ಹೆಣದ ಗೂಡಿಗೆ ಅಡ್ಡ ಇಟ್ಟಿದ್ದ ಹಸಿ ಇಟ್ಟಿಗೆಗಳನ್ನು ಒಂದೊಂದಾಗಿ ಮೇಲೆ ಕೊಟ್ಟರು. ಹಸಬಲ್ಲಾನನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಎತ್ತಿದರು. ಗಾಳಿ ಬೀಸಿದಾಗ ಅವಳು ಮುಖ ತಿರುಗಿಸಲಿಲ್ಲ. ಅಷ್ಟನ್ನಾದರೂ ತಾನು ಮಾಡಬೇಕು ಎಂದುಕೊಂಡಳು.

ಹೊತ್ತವರು ಉತ್ತರಕ್ಕೆ, ಊರ ಖಬರಸ್ತಾನದ ಕಡೆ ನಡೆದರು. ಶಾಜ್ಲಿ ಒಂದು ಗಳಿಗೆ ಹಿಂದೆ ನಿಂತ. "ಇನ್ನು ನಿಮ್ದು, ದಕ್ತೂರಾ," ಎಂದ. ಅದರಲ್ಲಿ ಕೊಂಕು ಇತ್ತೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಅವನೂ ಓಡಿ ಮೆರವಣಿಗೆ ಸೇರಿಕೊಂಡ.

ತಹಾನಿ ಗುಂಡಿಗೆ ಇಳಿದಳು. ಪೂರ್ವದ ಗೋಡೆಯಲ್ಲಿ ಹೆಣ ಇಡಲು ಕೊರೆದ ಗೂಡು ತೆರೆದಿತ್ತು. ಒಳಗಿನ ಮರಳಿನಲ್ಲಿ ಮೈಯ ಅಚ್ಚು ಇನ್ನೂ ಉಳಿದಿತ್ತು. ಅವಳು ತನ್ನ ಕಪ್ಪು ಶಾಲನ್ನು ತೆಗೆದು ಗೂಡಿನ ಬಾಯಿಗೆ ಇಳಿಬಿಟ್ಟಳು. ಎದುರಿನ ಗೋಡೆಯನ್ನು ಕರಣೆಯಿಂದ ಹೆರೆದು, ಬ್ರಷ್ಷು ಆಡಿಸಿದಳು. ಪದರಗಳು ಒಂದೊಂದಾಗಿ ಕಂಡವು. ಮೇಲೆ ಗಾಳಿ ತಂದ ಮರಳು. ಅದರ ಕೆಳಗೆ ಮರಳುಗಲ್ಲಿನ ಚಕ್ಕೆಗಳು, ಒಂದಂಗುಲದ ಚೂರಿನಿಂದ ಅಂಗೈಯಗಲದವರೆಗೆ, ಕಲ್ಲು ಕೆತ್ತುವಾಗ ಸಿಡಿದು ಬಿದ್ದ ಹಾಗೇ ಒತ್ತೊತ್ತಾಗಿ. ಚಕ್ಕೆಗಳ ಅಡಿಯಲ್ಲಿ, ಅವುಗಳ ಭಾರಕ್ಕೆ ತಗ್ಗಿದಂತೆ, ಬೂದಿ. ಬೂದಿಯ ಕೆಳಗೆ ಯಾರೂ ಮುಟ್ಟದ ಮಣ್ಣು.

ಅದು ಅವಳು ಕಂಡ ಅತ್ಯಂತ ಸ್ಪಷ್ಟವಾದ ಗೋಡೆ. ಒಲೆ ಉರಿದಿತ್ತು, ರೊಟ್ಟಿ ಸುಟ್ಟಿದ್ದರು, ಬೂದಿ ತಣ್ಣಗಾಗುವುದರೊಳಗೋ ಆದ ಮೇಲೋ ಕಲ್ಲಿನ ಕೆಲಸ ಅದರ ಮೇಲೆಯೇ ಸಾಗಿತ್ತು. ಫೋಟೊ ತೆಗೆದಳು, ಅಳೆದಳು, ಬೂದಿಯನ್ನು ಚಮಚದಷ್ಟು ಚಮಚದಷ್ಟಾಗಿ ಕೆರೆದು ಚೀಲಗಳಿಗೆ ತುಂಬಿದಳು. ಕಾಳುಗಳು ಕಣ್ಣಿಗೇ ಕಾಣುವಷ್ಟಿದ್ದವು. ಕೆಲಸದ ನಡುವೆ ಒಮ್ಮೆ, ತಾನು ಗೂಡಿಗೆ ಬೆನ್ನು ಹಾಕಿ ಕೂತಿದ್ದೇನೆ ಎಂಬುದು ಅರಿವಿಗೆ ಬಂತು. ಅಡ್ಡಲಾಗಿ ತಿರುಗಿ ಕೂತು ಮುಂದುವರಿಸಿದಳು. ಹಾಗೆ ಕೂತರೆ ಬೆಳಕು ಸರಿಯಾಗಿ ಬೀಳುತ್ತಿರಲಿಲ್ಲ, ಆದರೂ ಹಾಗೆಯೇ ಮುಗಿಸಿದಳು. ಮಧ್ಯಾಹ್ನದ ಹೊತ್ತಿಗೆ ಕೂಲಿಯವರು ಬಂದು ಗುಂಡಿ ಮುಚ್ಚಿದರು.

ಪ್ರಯೋಗಾಲಯದ ಉತ್ತರ ಬಂದದ್ದು ಬೇಸಿಗೆಯಲ್ಲಿ. ಕಾಳು ಇದ್ದಿಲಿಗಿಂತ ಸುಮಾರು ಇನ್ನೂರು ವರ್ಷ ಚಿಕ್ಕದು. ಹಳೆಯ ಲೆಕ್ಕವೇ ಸರಿ; ಇದ್ದಿಲು ಹಳೆಯ ಮರದ್ದು. ಅಷ್ಟು ಖಚಿತವಾಯಿತು. ಆದರೆ ಉತ್ತರದ ಅಗಲ ಒಬ್ಬ ರಾಜನ ಕೊನೆಗಾಲದಿಂದ ಮುಂದಿನವನ ಮೊದಲ ದಶಕಗಳವರೆಗೆ ಹರಡಿಕೊಂಡಿತ್ತು. ಅಬೂ ದರಗ್ ಕಟ್ಟಿಸಿದವನು ಇವನೋ ಅವನೋ ಎಂಬುದನ್ನು ಕಾಳು ಹೇಳಲಿಲ್ಲ. ಹೇಳಲಾರದು ಕೂಡ. ತಹಾನಿ ಬರೆದ ಲೇಖನ ಅಚ್ಚಾಯಿತು. ವಿಡಿಯೊದ ಮಹಾಶಯ, ಮೊನ್ನೆ ಮೊನ್ನೆ ಹೆಣ ಹೂತ ಗುಂಡಿಯಿಂದ ತೆಗೆದ ಕಾಳನ್ನು ಯಾರು ನಂಬುತ್ತಾರೆ ಎಂದು ಇನ್ನೊಂದು ವಿಡಿಯೊ ಮಾಡಿದ. ಅದನ್ನೂ ಲಕ್ಷಗಟ್ಟಲೆ ಜನ ನೋಡಿದರು.

ಅವಳು ಫಹೀಮಾಗೆ ಸುದ್ದಿ ಹೇಳಲು ಹೋದಳು. ಮುದುಕಿ ಅವತ್ತು ಗುರುವಾರವಾದ್ದರಿಂದ ಖಬರಸ್ತಾನದಲ್ಲಿ ಗಂಡನ ಗೋರಿಯ ಪಕ್ಕ ಕೂತು, ಬಂದ ಬಡವರಿಗೆ ಖರ್ಜೂರ ಹಂಚುತ್ತಿದ್ದಳು. ತಹಾನಿಗೂ ಒಂದು ಹಿಡಿ ಕೊಟ್ಟಳು.

"ಗೊತ್ತಾಯ್ತಾ ನಿಂದು?"

"ಸುಮಾರಾಗಿ ಗೊತ್ತಾಯ್ತು ಖಾಲಾ. ನಾಲ್ಕು ಸಾವಿರದ ಆರುನೂರು ವರ್ಷದ ಆಚೀಚೆ. ಯಾವ ರಾಜ ಅಂತ ಗೊತ್ತಾಗ್ಲಿಲ್ಲ."

"ಯಾಕೆ ಕಟ್ಟಿದ್ರು?"

"ಅದೂ ಗೊತ್ತಾಗ್ಲಿಲ್ಲ."

ಫಹೀಮಾ ಖರ್ಜೂರದ ಬೀಜವನ್ನು ಬಾಯಿಂದ ತೆಗೆದು ಮರಳಿಗೆ ಎಸೆದಳು. "ಇಷ್ಟಕ್ಕೆ ಅವರನ್ನ ಎತ್ತಿದ್ದಾ?"

ಈ ಪ್ರಶ್ನೆ ಬರುತ್ತದೆ ಎಂದು ತಹಾನಿಗೆ ಗೊತ್ತಿತ್ತು. ಉತ್ತರವನ್ನು ಸಿಹಿ ಮಾಡಲು ಅವಳಿಗೆ ಮನಸ್ಸಾಗಲಿಲ್ಲ. "ನಾನು ಇಷ್ಟಕ್ಕೇ ಎತ್ತಿದ್ದು. ನೀವು ಎತ್ತಿಸಿದ್ದು ಬೇರೇದಕ್ಕೆ."

"ಹೂಂ," ಎಂದಳು ಫಹೀಮಾ. "ನಾನು ನನಗೋಸ್ಕರ ಎತ್ತಿಸ್ದೆ." ಗೋರಿಯ ಮೇಲಿದ್ದ ಒಣ ಎಲೆಯೊಂದನ್ನು ತೆಗೆದು ಹಾಕಿದಳು. "ಗುರುವಾರ ಗುರುವಾರ ಬಂದು ಬೈತೀನಿ. ಈಗ ಎದ್ದು ಹೋಗೋಕಾಗಲ್ಲ ಅವರಿಗೆ."

ಇಬ್ಬರೂ ನಕ್ಕರು. ಪಕ್ಕದ ಗೋರಿಯ ಹೆಂಗಸರು ತಿರುಗಿ ನೋಡಿದರು.

ಫಹೀಮಾ ಇನ್ನೊಂದು ಚಳಿಗಾಲ ಕಂಡಳು. ಅವಳು ಸತ್ತಾಗ ಅವಳು ಕೇಳಿದ ಜಾಗದಲ್ಲೇ ಇಟ್ಟರು. ತಹಾನಿ ಹೆಂಗಸರ ಕೋಣೆಯಲ್ಲಿ ಕೂತು ಬಂದಳು. ಮನೆಗೆ ಮರಳಿದ್ದ ರಾದಿ ಬಾಗಿಲಲ್ಲಿ ಅವಳನ್ನು ಕಂಡರೂ ಮಾತಾಡಲಿಲ್ಲ. ಒಳಗೆ ಬರಬೇಡ ಎಂದೂ ಅನ್ನಲಿಲ್ಲ.

ಆಮೇಲಿನ ಕಬ್ಬಿನ ಕಾಲದಲ್ಲಿ ಒಂದು ದಿನ, ಕಾಲುವೆಯ ಏರಿಯ ಮೇಲಿನ ಕಿರಿದಾದ ದಾರಿಯಲ್ಲಿ ಅವಳ ಜೀಪಿಗೆ ಎದುರಾಗಿ ರಾದಿಯ ಟ್ರ್ಯಾಕ್ಟರು ಬಂತು. ಹಿಂದೆ ಎರಡು ಗಾಡಿ ತುಂಬ ಕಬ್ಬು. ಇಬ್ಬರಲ್ಲಿ ಒಬ್ಬರು ಹಿಂದೆ ಸರಿಯಲೇಬೇಕು, ಸರಿಯಬೇಕಾದದ್ದು ಹಗುರ ಇರುವ ಜೀಪು. ತಹಾನಿ ಗೇರು ಬದಲಿಸಲು ಕೈ ಹಾಕುವಷ್ಟರಲ್ಲಿ ರಾದಿ ತಾನೇ ಹಿಂದೆ ಸರಿಸತೊಡಗಿದ. ಭಾರದ ಗಾಡಿಗ‍ಳು ಸೊಟ್ಟಗೆ ತಿರುಗಿದವು, ಅವನು ಬೈದುಕೊಂಡ, ಮುಂದೆ ಹೋಗಿ ನೇರ ಮಾಡಿ ಮತ್ತೆ ಹಿಂದೆ ಸರಿಸಿದ. ಬಹಳ ಹೊತ್ತು ಹಿಡಿಯಿತು. ದಾರಿ ಅಗಲವಾಗುವಲ್ಲಿ ಬದಿಗೆ ನಿಲ್ಲಿಸಿ, ಅವಳು ಹಾದುಹೋಗುವವರೆಗೆ ಕಾಲುವೆಯ ನೀರನ್ನು ನೋಡುತ್ತ ಕೂತ. ಅವಳು ಸಲಾಮು ಹೇಳಿದಳು. ಎಂಜಿನ್ನಿನ ಸದ್ದಿನಲ್ಲಿ ಅವನು ಏನಾದರೂ ಹೇಳಿದನೋ ಇಲ್ಲವೋ ಕೇಳಿಸಲಿಲ್ಲ.